ಇಬ್ಬರಿಗೆ ಮಾತ್ರ ಕಾಣುವ ಚೀಟಿ

ಮೊದಲ ಏಟು ಮೇಜಿನ ಮೇಲೆ ಬಿತ್ತು. ಎರಡನೆಯದು ಭಾವನ ಎಡಗೈ ಮೇಲೆ. ಎಲುಬು ಮುರಿದ ಸದ್ದು ಮೇಸ್ತ್ರಿಗೆ ಸ್ಪಷ್ಟವಾಗಿ ಕೇಳಿಸಿತು. ಅವನ ಕೈಯಲ್ಲಿದ್ದ ಸ್ಪ್ಯಾನರ್ ಎರಡು ಕಿಲೋ ತೂಗುತ್ತಿತ್ತು.

“ಆ ಚೀಟಿ ತೆಗೀರಿ ಭಾವ.”

“ಆಗಲ್ಲ ಕಣೋ.”

ಕಾಗದದ ಕಾರ್ಖಾನೆಯ ದಾಖಲೆ ಕೋಣೆ. ಊಟದ ಬಿಡುವು, ಒಳಗಿದ್ದವರು ಇಬ್ಬರೇ, ಬಾಗಿಲಿಗೆ ಚಿಲಕ. ಭಾವ ಎಂದರೆ ಮೇಸ್ತ್ರಿಯ ಅಕ್ಕನ ಗಂಡ, ಇಪ್ಪತ್ತು ವರ್ಷದಿಂದ ಇಲ್ಲಿನ ಗುಮಾಸ್ತರು. ಇರುವೆಗೂ ದಾರಿ ಬಿಟ್ಟು ನಡೆಯುವ ಜೀವ. ಅಂಥವರು ಕಳ್ಳನ ಕೆಲಸ ಮಾಡಿದ್ದಾರೆಂದು ಇವತ್ತು ಬೆಳಿಗ್ಗೆ ಗೊತ್ತಾಗಿತ್ತು. ಹೇಳಿದವಳು ಅಜ್ಜಿ.

ಅಜ್ಜಿ ಮನುಷ್ಯಳಲ್ಲ. ಕಾರ್ಖಾನೆಯ ಕಾಗದಪತ್ರವನ್ನೆಲ್ಲ ಕಂಪ್ಯೂಟರಿಗೆ ತುಂಬಿಸಿ, ಹುಡುಕಿಕೊಡಲು ಒಂದು ಎಐ ಕೂರಿಸಿದ್ದರು. ಆಡುಮಾತಿನಲ್ಲಿ ಕೇಳಿದರೂ ಹತ್ತು ವರ್ಷದ ಹಿಂದಿನ ಚೀಟಿಯನ್ನು ಹೆಕ್ಕಿ ಮುಂದಿಡುತ್ತಿತ್ತು. ಏನನ್ನೂ ಮರೆಯುವುದಿಲ್ಲ, ಬಾಯಲ್ಲಿ ಗುಟ್ಟೂ ನಿಲ್ಲುವುದಿಲ್ಲ ಎಂದು ಕೆಲಸಗಾರರು ಅದಕ್ಕೆ ಅಜ್ಜಿ ಎಂದು ಹೆಸರಿಟ್ಟಿದ್ದರು.

ಮೇಸ್ತ್ರಿಯ ತಮ್ಮ ಸತ್ತು ಹದಿನೇಳು ದಿನ. ರದ್ದಿ ಅರೆಯುವ ಮೂರನೇ ತೊಟ್ಟಿಗೆ ಇಳಿದು ಅಲಗು ಬಿಗಿಮಾಡುತ್ತಿದ್ದಾಗ ಯಾರೋ ಸ್ವಿಚ್ ಹಾಕಿದರು. ಸುದ್ದಿ ಕೇಳಿ ಓಡಿಬಂದ ಮೇಸ್ತ್ರಿ ಒಂದು ಕಾಲಿನ ಬೂಟು ನೋಡಿ ತಮ್ಮನ ಗುರುತು ಹಿಡಿದ. ಉಳಿದದ್ದರಲ್ಲಿ ಗುರುತು ಹಿಡಿಯುವಂಥದ್ದೇನೂ ಇರಲಿಲ್ಲ.

ತೊಟ್ಟಿಗೆ ಇಳಿಯುವವನು ಸ್ವಿಚ್ಚಿಗೆ ತನ್ನ ಸ್ವಂತ ಬೀಗ ಹಾಕಿ, ಕೀಲಿಯನ್ನು ಜೇಬಿಗಿಟ್ಟುಕೊಂಡು ಇಳಿಯಬೇಕು. ಆ ಬೀಗ ಒಡೆಯಬೇಕಾದರೆ ಚೀಟಿ ಬೇಕು. ಚೀಟಿಗೆ ಮೇಸ್ತ್ರಿಯದೋ ಮ್ಯಾನೇಜರದೋ ಸಹಿ ಬೇಕು, ಸಹಿ ಹಾಕುವವನು ತೊಟ್ಟಿಯೊಳಗೆ ಇಣುಕಿ ನೋಡಿರಬೇಕು. ತಮ್ಮನ ಜೇಬಿನಲ್ಲಿ ಕೀಲಿ ಸಿಕ್ಕಿತು, ಬೀಗ ಸಿಗಲಿಲ್ಲ. ಸ್ವಿಚ್ ಹಾಕಿದವನು ಅವತ್ತೇ ಊರು ಬಿಟ್ಟ. ಬೀಗ ಹಾಕುವುದನ್ನೇ ಮರೆತಿದ್ದಾನೆ ಎಂದು ಕಂಪನಿಯವರು ಸತ್ತವನ ಮೇಲೇ ಗೂಬೆ ಕೂರಿಸಿ ಕೈ ತೊಳೆದುಕೊಂಡರು.

ಮೇಸ್ತ್ರಿ ಒಪ್ಪಲಿಲ್ಲ. ತೊಟ್ಟಿ ತಿರುಗಿದ್ದು ಎರಡೂ ಹತ್ತಕ್ಕೆ. ಅವನ ಪಾಳಿ ಎರಡಕ್ಕೇ ಮುಗಿದಿತ್ತು, ಆಗ ಬಸ್ಸಿನಲ್ಲಿದ್ದ. ಮುಂದಿನ ಪಾಳಿಯ ಮೇಸ್ತ್ರಿ ಅವತ್ತು ರಜೆ. ಉಳಿದವನು ಮ್ಯಾನೇಜರ್ ಒಬ್ಬನೇ.

ಬೆಳಿಗ್ಗೆ, ಕೆಲಸಗಾರರೆಲ್ಲ ನಂಬರ್ ಹಾಕದೆಯೇ ಬಳಸುವ ಕೆಳಗಿನ ಕಂಪ್ಯೂಟರಿನಲ್ಲಿ ಅಜ್ಜಿಯನ್ನು ಕೇಳಿದ. “ಬೀಗ ಒಡೆದ ಚೀಟಿ ಇದೆ,” ಎಂದಳು ಅಜ್ಜಿ. “ಗುಮಾಸ್ತರು ಅದನ್ನು ಮುಚ್ಚಿಟ್ಟಿದ್ದಾರೆ. ಇಬ್ಬರಿಗೆ ಮಾತ್ರ ಕಾಣುತ್ತದೆ. ಮುಚ್ಚಿಟ್ಟವರಿಗೆ, ಸಹಿ ಹಾಕಿದವರಿಗೆ.”

ಸ್ಪ್ಯಾನರನ್ನು ಚೀಲಕ್ಕೆ ಹಾಕಿಕೊಂಡು ಮೇಲೆ ಬಂದ. ದಾಖಲೆ ಕೋಣೆಯ ಬಾಗಿಲಲ್ಲಿದ್ದ ರಿಜಿಸ್ಟರಿಗೆ, ಅದರತ್ತ ನೋಡದೆಯೇ, ಸಹಿ ಎಳೆದ. ಕೊಲ್ಲಲು ಹೊರಟವನೂ ರಿಜಿಸ್ಟರಿಗೆ ಸಹಿ ಹಾಕಿಯೇ ಒಳಗೆ ಬರುತ್ತಾನೆ, ಅಭ್ಯಾಸಬಲ ನೋಡಿ! “ಅಣ್ಣ ಸಹಿ ಹಾಕಲ್ಲ, ಮಿಂಚು ಹೊಡೀತಾನೆ,” ಎಂದು ತಮ್ಮ ಎಲ್ಲರೆದುರು ಗೇಲಿ ಮಾಡುತ್ತಿದ್ದ. ಅದು ನೆನಪಾಗಿ ಮೇಸ್ತ್ರಿಯ ಕಣ್ಣು ತುಂಬಿತು. ಹಾಗೆಯೇ ಚಿಲಕ ಹಾಕಿದ.

“ಮ್ಯಾನೇಜರ್ ಹೇಳಿ ಮುಚ್ಚಿಸಿದನಾ?”

“ಅವನಿಗೆ ಇದು ಗೊತ್ತೇ ಇಲ್ಲ.”

ಮೂರನೇ ಏಟಿಗೆ ಭಾವನ ಎರಡು ಹಲ್ಲು ಕೀಬೋರ್ಡಿನ ಮೇಲೆ ಬಿದ್ದವು. ಅಷ್ಟು ಹೊತ್ತಿಗೆ ‘ನೀವು’ ಹೋಗಿ ‘ನೀನು’ ಬಂದಿತ್ತು.

“ಬೊಗಳು! ಯಾರನ್ನ ಕಾಪಾಡ್ತಿದೀಯ?”

“ಅತ್ತೆಗೆ ಮಾತು ಕೊಟ್ಟಿದೀನಿ ಕಣೋ,” ರಕ್ತ ನುಂಗುತ್ತ ಭಾವ ಹೇಳಿದರು. “ಒಬ್ಬ ಹೋದ. ಇನ್ನೊಬ್ಬ ಮಗನ್ನಾದ್ರೂ ಉಳಿಸಿಕೊಡ್ತೀನಿ ಅಂತ.”

“ಜೈಲಿಗೆ ನಾನು ಹೆದರಲ್ಲ.”

“ಜೈಲಿನ ಮಾತು ಯಾರು ಆಡಿದ್ರು?”

ಮೇಸ್ತ್ರಿ ಅವರ ಕೊರಳಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸಿದ. “ಉಪ್ಪು ತಿಂದವನು ನೀರು ಕುಡೀಲೇಬೇಕು. ಆ ಸಹಿ ಹಾಕಿದ ಕೈ ಇದೆಯಲ್ಲ, ಅದನ್ನ ಅದೇ ತೊಟ್ಟಿಗೆ ಹಾಕಿ ಅರೀತೀನಿ. ನನ್ನ ತಮ್ಮನಾಣೆ.”

ಭಾವ ಅವನ ಬಲಗೈಯನ್ನೇ ನೋಡುತ್ತ ಅಳತೊಡಗಿದರು. ಆಮೇಲೆ ಥಟ್ಟನೆ ಅಂದರು: “ನಾನೇ. ನಾನೇ ಸಹಿ ಹಾಕಿದ್ದು. ನನ್ನನ್ನ ಮುಗಿಸಿಬಿಡು.”

“ಗುಮಾಸ್ತನ ಸಹಿ ಅಲ್ಲಿ ನಡೆಯಲ್ಲ ಅಂತ ನನಗೆ ಗೊತ್ತಿಲ್ವಾ? ಯಾರ ಕಿವಿಗೆ ಹೂ ಇಡ್ತೀಯ?”

ಒದ್ದ. ಭಾವ ಬೀಳುತ್ತ ಬೀಳುತ್ತಲೇ ಸರಿಯಿದ್ದ ಕೈಯಿಂದ ಒಂದು ಗುಂಡಿ ಒತ್ತಿದರು. ಅವರ ಹೆಸರಿನಲ್ಲಿ ತೆರೆದಿದ್ದ ಪರದೆ ಮುಚ್ಚಿಕೊಂಡಿತು. ‘ನಿಮ್ಮ ನಂಬರ್ ಹೇಳಿ’ ಎಂದು ಅಜ್ಜಿ ಹೊಸದಾಗಿ ಕೇಳಿದಳು.

ಮೇಸ್ತ್ರಿಗೆ ಇನ್ನು ಚೀಟಿಯ ಹಂಗು ಬೇಕಿರಲಿಲ್ಲ. ಮ್ಯಾನೇಜರನ ಕೋಣೆ ಮೆಟ್ಟಿಲಿಳಿದರೆ ಎಡಕ್ಕೆ, ಮೂರನೆಯದು. ಆದರೆ ಯಾಕೆ ಕೊಂದೆ ಎಂದು ನಾಳೆ ಲೋಕ ಕೇಳಿದರೆ ಜೇಬಿನಲ್ಲಿ ಒಂದು ಕಾಗದ ಬೇಕು. ಚೀಟಿ ಕಾಣದಿದ್ದರೆ ಬೇಡ, ‘ಮುಚ್ಚಿಡಲಾಗಿದೆ’ ಎಂದು ಅಜ್ಜಿ ಬೆಳಿಗ್ಗೆ ಕೊಟ್ಟ ಉತ್ತರವನ್ನೇ ಪ್ರಿಂಟ್ ತೆಗೆದುಕೊಂಡರೆ ಸಾಕು. ಕೀಬೋರ್ಡಿನ ಮೇಲಿದ್ದ ಹಲ್ಲುಗಳನ್ನು ಪಕ್ಕಕ್ಕೆ ತಳ್ಳಿ, ತನ್ನ ನಂಬರ್ ಒತ್ತತೊಡಗಿದ.

ಭಾವ ತೆವಳಿಕೊಂಡು ಬಂದು ಅವನ ಕಾಲು ಕಟ್ಟಿಕೊಂಡರು. “ನಿನ್ನ ನಂಬರ್ ಹಾಕ್ಬೇಡ್ವೋ! ನಿನ್ನ ದಮ್ಮಯ್ಯ!”

ಮೇಸ್ತ್ರಿ ಕಾಲು ಕೊಡವಿದ. ಬೆಳಿಗ್ಗೆಯ ಪ್ರಶ್ನೆಯನ್ನೇ ಮತ್ತೆ ಕೇಳಿದ.

ಅಜ್ಜಿ ಈ ಸಲ ಯಾವ ತಕರಾರೂ ತೆಗೆಯದೆ ಚೀಟಿಯನ್ನು ಅವನ ಮುಂದಿಟ್ಟಳು. ಸಮಯ ಒಂದೂ ಐವತ್ತು, ಬೀಗ ತಮ್ಮನದು, ಕೆಳಗೆ ಮಿಂಚು ಹೊಡೆದಿತ್ತು.