ಹೊಸ ಪಂಪು

ಲಾರಿಯಿಂದ ಪಂಪು ಇಳಿಸುವ ಮೊದಲೇ ಊರಿನ ಹೆಂಗಸರೆಲ್ಲ ಬಕೀಟು ಹಿಡಿದು ಸಾಲುಗಟ್ಟಿದ್ದರು. ಯುದ್ಧದ ಮೊದಲ ಚಳಿಗಾಲದಲ್ಲಿ ಬಂದೂಕಿನವರು ಯಾರೋ ಬಂದು ಹಳೆಯ ಪಂಪನ್ನು ಬುಡಸಮೇತ ಕಿತ್ತುಕೊಂಡು ಹೋದ ಮೇಲೆ ಈ ಊರು ನಲ್ಲಿ ನೀರು ಕಂಡದ್ದೇ ಇಲ್ಲ. ಹತ್ತಿ ಹೊಲದ ಕಾಲುವೆಯೇ ಗತಿ. ಅದನ್ನು ಕುಡಿದು ಮನೆಮನೆಯಲ್ಲೂ ಟೈಫಾಯಿಡ್. ಪಂಪ್‌ಹೌಸ್ ನೋಡಿಕೊಳ್ಳುವ ಜುಮಾಗುಲ್‌ಳ ಒಬ್ಬಳೇ ಮಗಳು ಪರ್ವೋನಾ ಹೋದದ್ದೂ ಅದರಲ್ಲೇ. ಪಕ್ಕದ ಮನೆ ಬೀಬಿಖೋಲ್‌ಳ ಮಗ ಇವತ್ತೂ ಮೈ ಸುಡುತ್ತಾ ಮಲಗಿದ್ದಾನೆ.

ಪಂಪು ತಂದವನು ಜಿಲ್ಲೆಯ ನೀರು ಇಲಾಖೆಯ ಹೊಸ ಮುಖ್ಯಸ್ಥ ಮಿರ್ಜೋನಜರ್. ಹೋದ ವರ್ಷದವರೆಗೂ ಬೆಟ್ಟದಲ್ಲಿ ಬಂಡುಕೋರರ ಕಮಾಂಡರ್ ಆಗಿದ್ದವನು. ಬೆಟ್ಟ ಇಳಿದು ಬಂದವರಿಗೂ ಸರ್ಕಾರದಲ್ಲಿ ಕುರ್ಚಿ ಕೊಡಬೇಕೆಂದು ಶಾಂತಿ ಒಪ್ಪಂದದಲ್ಲೇ ಇತ್ತಲ್ಲ, ಇವನ ಪಾಲಿಗೆ ನೀರು ಬಂತು. ಯಾರು ಯಾವ ಕುರ್ಚಿಯಲ್ಲಿ ಕೂತರೇನು, ನಲ್ಲಿಯಲ್ಲಿ ನೀರು ಬಂದರೆ ಸಾಕಪ್ಪಾ ಎನ್ನುವ ಸ್ಥಿತಿ ನಮ್ಮದು. ಊರವರೆಲ್ಲ ಸೇರಿ ಬಿಟ್ಟಿ ದುಡಿಯುವ ಹಶರ್ ಕರೆದು, ನೆಲ ಅಗೆದು ಪೈಪು ಹೂತು, ಪಂಪ್‌ಹೌಸಿಗೆ ಸೂರನ್ನೂ ಹಾಕಿಟ್ಟಿದ್ದೆವು.

"ಹೊಚ್ಚ ಹೊಸಾದು! ರಾಜಧಾನಿ ದುಶಾನ್ಬೆಯಲ್ಲಿ ಹೊಡೆದಾಡಿ ತಂದಿದೀನಿ," ಎಂದ ಮಿರ್ಜೋನಜರ್.

"ಹೊಡೆದಾಡೋದು ನಿಮಗೇನು ಹೊಸದಾ ಅಣ್ಣಾ?" ಎಂದಳು ಜುಮಾಗುಲ್. ಊರೆಲ್ಲ ನಕ್ಕಿತು. ಅವನೂ ಹೊಟ್ಟೆ ಕುಣಿಸಿ ನಕ್ಕ.

ಮಧ್ಯಾಹ್ನದ ಹೊತ್ತಿಗೆ ಪಂಪು ಕೂರಿಸಿ, ಬೋಲ್ಟು ಬಿಗಿದು, ತಂತಿ ಎಳೆದಾಯಿತು. ಸೊಸೆ ಬರಲಿ, ತೊಟ್ಟಿಲು ಬರಲಿ, ಹೊಸದರ ಮೇಲೆ ಹಿಟ್ಟು ಎರಚದೆ ಒಳಗೆ ಬಿಟ್ಟುಕೊಳ್ಳುವವರಲ್ಲ ನಾವು. ಮುಂದಿನ ದಾರಿ ಬೆಳ್ಳಗಿರಲಿ ಅಂತ. ಬೀಬಿಖೋಲ್ ಓಡಿಬಂದು ಎರಡು ಹಿಡಿ ಗೋಧಿ ಹಿಟ್ಟು ಎರಚಿಯೇ ಬಿಟ್ಟಳು.

"ಸಾಕು ಮಾರಾಯ್ತಿ, ಮೋಟರ್ ಒಳಗೆ ಹೋದೀತು!" ಎಂದು ಗದರುತ್ತಾ ಜುಮಾಗುಲ್ ತಲೆವಸ್ತ್ರದ ತುದಿಯಿಂದ ಹಿಟ್ಟು ಒರೆಸತೊಡಗಿದಳು. ನುಣುಪಾದ ಹಸಿರು ಬಣ್ಣದ ಮೇಲಿನ ಹಿಟ್ಟೆಲ್ಲ ಹೋಯಿತು. ಒಂದು ಪಕ್ಕದಲ್ಲಿ ಮಾತ್ರ ತಗ್ಗಿನೊಳಗೆ ಕೂತು ಉಳಿಯಿತು. ಒಂದು ಪುಟ್ಟ ಅಂಗೈ. ಐದು ಬೆರಳು. ಬೆಳ್ಳಗೆ.

ಅವಳ ಕೈ ಅಲ್ಲೇ ನಿಂತುಬಿಟ್ಟಿತು. ಹಳೆಯ ಪಂಪಿನ ಮೈ ಬಿರುಕು ಬಿಟ್ಟಾಗ ಲೇಪ ಮೆತ್ತಿದವಳು ಅವಳೇ. ಲೇಪ ಹಸಿಯಿರುವಾಗಲೇ ಪರ್ವೋನಾ ಬಂದು ಕೈ ಒತ್ತಿದ್ದಳು. ಮೊದಲು ಬೈದು, ಆಮೇಲೆ ನಕ್ಕು, ಹಾಗೆಯೇ ಬಿಟ್ಟಿದ್ದಳು ಜುಮಾಗುಲ್. ಊರಲ್ಲಿ ಆ ಗುರುತು ನೋಡದವರಿಲ್ಲ. ಜಿಲ್ಲೆಯ ಗ್ಯಾರೇಜಿನವರು ಕೆರೆಯದೆ, ಉಜ್ಜದೆ ಅದರ ಮೇಲೆಯೇ ಬಣ್ಣ ಬಳಿದಿದ್ದರು. ನಮ್ಮ ಇಲಾಖೆಗಳಲ್ಲಿ ರಿಪೇರಿ ಅಂದರೆ ಬಣ್ಣ ತಾನೆ!

"ಅಯ್ಯಯ್ಯೋ, ಪರ್ವೋನಾ ಕೈ!" ಎಂದು ಚೀರಿದಳು ಬೀಬಿಖೋಲ್. "ಇದು ನಮ್ ಪಂಪು ಕಣ್ರೋ! ಕದ್ದೋರೇ ತಂದಿದಾರೆ!"

ಗಂಡಸರ ಕೈಗೆ ಗುದ್ದಲಿ ಬಂತು. ಮಿರ್ಜೋನಜರನ ಜೊತೆ ಬಂದಿದ್ದ ಇಬ್ಬರ ಕೈ ಸೊಂಟಕ್ಕೆ ಹೋಯಿತು. ಊರ ಹಿರಿಯ ಸೋಹಿಬಜ್ಜ ನಡುವೆ ನುಗ್ಗಿ, "ಕೆಳಗಿಡ್ರೋ ಮುಟ್ಠಾಳರಾ! ಮತ್ತೆ ಶುರು ಹಚ್ಕೋತೀರಾ?" ಎಂದು ಕೂಗಿದ.

ಮಿರ್ಜೋನಜರನ ಮುಖ ಬಿಳಿಚಿತ್ತು. ಪಾಪ, ಇದು ಈ ಊರಿನದೇ ಎಂದು ಅವನಿಗೂ ಗೊತ್ತಿರಲಿಲ್ಲ. "ಎಷ್ಟೋ ಊರಿಂದ ತಗೊಂಡು ಹೋದ್ವಿ. ಗೋದಾಮಲ್ಲಿ ಬಿದ್ದಿದ್ರಲ್ಲಿ ಯಾವುದು ಯಾವೂರಿದು ಅಂತ ಯಾರಿಗೆ ಗೊತ್ತಾಗುತ್ತೆ? ಯುದ್ಧ ಅಕ್ಕಾ, ಯುದ್ಧ. ಸುಳ್ಳು ಹೇಳಿದ್ದು ತಪ್ಪು. ಆದ್ರೆ ನಾವು ಒಯ್ದದ್ದು ಬರೀ ಕಬ್ಬಿಣ." ಅತಿಥಿಗಳಿಗೆಂದು ಹಾಸಿದ್ದ ಬಟ್ಟೆಯಿಂದ ರೊಟ್ಟಿ ಎತ್ತಿ ಹಣೆಗೆ ಮುಟ್ಟಿಸಿಕೊಂಡ. "ರೊಟ್ಟಿಯಾಣೆ, ನಿಮ್ಮೂರಲ್ಲಿ ನಾವು ಒಂದು ಜೀವಾನೂ ತೆಗೆದಿಲ್ಲ."

ಆಣೆ ಕೇಳಿ ಗುದ್ದಲಿಗಳು ಕೆಳಗಿಳಿದವು. ಅದನ್ನು ಒಪ್ಪಿಗೆಯೆಂದೇ ತಿಳಿದನೋ ಏನೋ, ಆ ಪುಟ್ಟ ಕೈ ನೋಡಿ ಮೆಲ್ಲಗೆ ನಕ್ಕು, "ಎಲ್ಲಿದಾಳೆ ಆ ಮಗು? ಕರೀರಿ ಅಕ್ಕಾ, ಅವಳ ಕೈಲೇ ಸ್ವಿಚ್ ಹಾಕಿಸೋಣ," ಎಂದ.

ಜುಮಾಗುಲ್‌ಳ ಕೈಯಲ್ಲಿ ದೊಡ್ಡ ಸ್ಪ್ಯಾನರ್ ಇತ್ತು. ಅವನ ತಲೆಗೋ, ಪಂಪಿಗೋ, ಯಾವುದಕ್ಕೆ ಬೀಸಬೇಕೆಂದು ಅವಳಿಗೇ ತಿಳಿಯದಷ್ಟು ಸಿಟ್ಟು. ಆಗ ಅವಳ ತೋಳು ಹಿಡಿದವಳು ಚೀರಿ ಊರನ್ನು ಕೆರಳಿಸಿದ ಅದೇ ಬೀಬಿಖೋಲ್. "ಜುಮಾ, ನನ್ ಮಗ ಇನ್ನೂ ಉಸಿರಾಡ್ತಿದಾನೆ ಕಣೇ. ನಿನ್ ಕಾಲಿಗೆ ಬೀಳ್ತೀನಿ, ಸ್ವಿಚ್ ಹಾಕು."

ಜುಮಾಗುಲ್ ಸ್ವಿಚ್ ಹಾಕಿದಳು. ನಲ್ಲಿ ಕೆಮ್ಮಿತು, ಕೆಸರು ಉಗುಳಿತು, ಆಮೇಲೆ ಒಳ್ಳೆಯ ನೀರು ಬಂತು. ಒಬ್ಬರೂ ಕೇಕೆ ಹಾಕಲಿಲ್ಲ. ಮೊದಲ ಬಟ್ಟಲು ಅತಿಥಿಗೆ ಕೊಡುವುದು ನಮ್ಮ ಪದ್ಧತಿ. ಅವಳು ಬಟ್ಟಲು ತುಂಬಿಸಿ ಎರಡೂ ಕೈಯಿಂದ ಅವನ ಮುಂದೆ ಹಿಡಿದಳು.

"ಆ ಮಗು ಕಾಲುವೆ ನೀರು ಕುಡಿದು ಹೋಯ್ತು," ಎಂದಳು. "ಕುಡೀರಿ ಅಣ್ಣಾ. ಕುಡಿದು, ರೊಟ್ಟಿ ಮುಟ್ಟಿ ಇನ್ನೊಂದ್ಸಲ ಹೇಳಿ."