ಬೆಂಚೋ, ಬಾಲಕೃಷ್ಣನೋ

“ಬೆಂಚು ಬರಲಿಲ್ಲಂದ್ರ ಇನ್ನ ಸಾಲಿ ಕಡೆ ತಲೀನೂ ಹಾಕೂದಿಲ್ಲಂತ ನಮ್ಮನಿಯಾಗಿನ ಜೀವ ಹಟ ಹಿಡದು ಕುಂತೈತಿ,” ಎಂದು ಗುರುಬಾಯಿ ಮೇಜು ಕುಟ್ಟಿದಳು. ಮೇಜಿನ ಮೇಲಿದ್ದ ಸೀಮೆಸುಣ್ಣ ಉರುಳಿ ಕೆಳಗೆ ಬಿತ್ತು.

ವಡಾಲದ ಕನ್ನಡ ರಾತ್ರಿ ಶಾಲೆಯ ಪೋಷಕರ ಸಂಘದ ಸಭೆ ಅದು. ಶಾಲೆ ಅಂದಮೇಲೆ ಪೋಷಕರ ಸಂಘ ಇರಲೇಬೇಕೆಂದು ಮೇಲಿನವರ ಆಜ್ಞೆ. ಸರಿ, ಚಾಳಿನ ಹೆಂಗಸರೇ ಸೇರಿ ಸಂಘ ಕಟ್ಟಿದರು. ಗಣಪತಿ ಹಬ್ಬದಲ್ಲಿ ಶೇಂಗಾ ಹೋಳಿಗೆ ಮಾರಿ ನಾಲ್ಕು ಕಾಸು ಕೂಡಿಸಿದ್ದೂ ಆಯಿತು. ಕೂಡಿಸುವಾಗ ಅಕ್ಕತಂಗಿಯರಂತಿದ್ದವರು ಖರ್ಚಿನ ಮಾತು ಬಂದೊಡನೆ ಹಾವು ಮುಂಗುಸಿಯಾದರು.

ಗುರುಬಾಯಿಯ ಸಂಕಟ ಗುರುಬಾಯಿಗೇ ಗೊತ್ತು. ಶಾಲೆಯಲ್ಲಿದ್ದವು ಬಾಲವಾಡಿಯವರು ಎರವಲು ಕೊಟ್ಟ ಪುಟಾಣಿ ಬೆಂಚುಗಳು. ಅವಳ ಮನೆಯ ವಿದ್ಯಾರ್ಥಿಯೋ, ಊಟಕ್ಕೆ ಕೂತರೆ ರೊಟ್ಟಿ ಬುಟ್ಟಿಯ ತಳ ಕಾಣಿಸಿಯೇ ಏಳುವ ಪೈಕಿ. ಹೋದ ವಾರ ಬೆಂಚಿನ ನಡುವೆ ಸಿಕ್ಕಿಕೊಂಡು, ಬಡಿಗ ಬಂದು ಹಲಗೆ ಕಿತ್ತ ಮೇಲೆಯೇ ಬಿಡುಗಡೆ. ವರ್ಗವೆಲ್ಲ ಬಿದ್ದು ಬಿದ್ದು ನಕ್ಕಿತಂತೆ. ಅಂದಿನಿಂದ ಪಾಟಿ ಮೂಲೆ ಸೇರಿತ್ತು. ಯಾವಾಗ ನೋಡಿದರೂ ಗಲ್ಲಿಯ ಕ್ಯಾರಮ್ ಬೋರ್ಡಿನ ಮುಂದೆ ಠಿಕಾಣಿ. ಕಾಗುಣಿತ ತಲೆಗೆ ಹತ್ತಿಸುವಷ್ಟರಲ್ಲಿ ಗುರುಬಾಯಿ ಹೈರಾಣಾಗಿ ಹೋಗಿದ್ದಳು. ಇಷ್ಟು ಕಲಿತು ಈಗ ಶಾಲೆ ಬಿಟ್ಟರೆ? ನೆನೆದರೆ ಅವಳಿಗೆ ಅಳುವೇ ಬರುತ್ತಿತ್ತು.

ಎದುರಾಳಿ ಕಸ್ತೂರಿಬಾಯಿ. ಅವಳಿಗೆ ನಾಟಕ ಬೇಕು.

“ಬೆಂಚು ಎಲ್ಲಿ ಓಡಿ ಹೊಕ್ಕಾವು? ಈ ಸಲ ಗ್ಯಾದರಿಂಗಿನ್ಯಾಗ ನಮ್ಮನಿಯಾಗಿನ ಜೀವಕ್ಕ ಬಾಲಕೃಷ್ಣನ ಪಾರ್ಟು ಸಿಕ್ಕೈತಿ. ಪೀತಾಂಬರಕ್ಕ ಅರಿವಿ ಬೇಕು, ಕಿರೀಟ ಬಾಡಿಗಿ ತರಬೇಕು. ಕೊಳಲು ಹಿಡಕೊಂಡು ಕನ್ನಡಿ ಮುಂದ ನಿಂತರ ಚಾಳಿಗೆ ಚಾಳೇ ನೋಡಾಕ ಬರತೈತಿ.”

“ಬರದ ಏನ ಮಾಡತೈತಿ? ಆ ಬಾಲಕೃಷ್ಣನ ಪೀತಾಂಬರಕ್ಕ ಅಂಗಡಿ ಅರಿವಿ ಸಾಲೂದಿಲ್ಲ, ಮಿಲ್ಲಿಗೇ ಹೋಗಬೇಕು,” ಎಂದಳು ಗುರುಬಾಯಿ.

“ಹಂಗಾರ ನಿಮ್ಮ ಬೆಂಚಿಗೆ ಒಂದು ಕಾಡ ಕಡೀಬೇಕಾಕ್ಕೈತಿ, ಬಿಡವಾ.”

ಕೂತವರು ಕಿಸಕ್ಕನೆ ನಕ್ಕರು. ಅರ್ಧ ಜನ ಬೆಂಚಿನ ಕಡೆ, ಅರ್ಧ ಜನ ಬಾಲಕೃಷ್ಣನ ಕಡೆ. ಗದ್ದಲ ಚಾವಣಿಗೇರಿತು.

ರಮಾನಾಥ ಮಾಸ್ತರರಿಗೆ ತಲೆ ಸಿಡಿಯಿತು. ಉಡುಪಿ ಕಡೆಯ ಮನುಷ್ಯ, ಈ ಶಾಲೆಗೆ ಹೊಸಬರು, ಬೆಳಗಾವಿ ಕಡೆಯ ಹೆಂಗಸರ ರೀತಿನೀತಿ ಇನ್ನೂ ಅರಿಯದವರು.

“ಜಗಳ ಬೇಡ ಮಾರಾಯ್ರೆ, ಓಟು ಹಾಕುವ. ಒಬ್ಬೊಬ್ಬರೇ ಎದ್ದು ಬೆಂಚೋ ನಾಟಕವೋ ಹೇಳಿ. ಆಮೇಲೆ ನಿಮ್ಮ ಮನೆಯ ವಿದ್ಯಾರ್ಥಿಯ ಹೆಸರು ಹೇಳಿ. ಹೆಸರು ಹೇಳದಿದ್ದರೆ ಓಟು ಲೆಕ್ಕಕ್ಕಿಲ್ಲ.”

ಇಷ್ಟು ಹೊತ್ತು ಗಂಟಲು ಹರಿದುಕೊಂಡವರೆಲ್ಲ ನೆಲ ನೋಡತೊಡಗಿದರು. ಕಸ್ತೂರಿಬಾಯಿ ಎದ್ದಳು, “ನಾಟಕ” ಎಂದಳು, ಸೆರಗು ಕಚ್ಚಿಕೊಂಡು ಹಾಗೆಯೇ ಕೂತುಬಿಟ್ಟಳು.

“ಹೆಸರು?”

ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು.

“ಹೆಸರಿಗೆ ಎಂಥ ಬರಗಾಲ? ದಿನಾ ಹಾಜರಿ ಕರೆಯುವಾಗ ನಾನು ಹೇಳುದಿಲ್ವಾ?”

“ನಿಮಗೇನ್ರಿ ಮಾಸ್ತರ, ನೀವು ಹೇಳತೀರಿ,” ಎಂದು ಹಿಂದಿನಿಂದ ಹನುಮವ್ವ ಗೊಣಗಿದಳು.

ಮಾಸ್ತರರು ಒಬ್ಬೊಬ್ಬರನ್ನೇ ಎಬ್ಬಿಸಿದರು. ಬೆಂಚಿನವರೂ ಹೆಸರು ಹೇಳಲಿಲ್ಲ, ನಾಟಕದವರೂ ಹೇಳಲಿಲ್ಲ. ಕೊನೆಗೆ ಉಳಿದವಳು ಗುರುಬಾಯಿ. ಹೆಸರು ಹೇಳಿದ ಓಟು ಒಂದೇ ಒಂದು ಬಿದ್ದರೆ ಸಾಕು, ಬೆಂಚು ಬಂದ ಹಾಗೆಯೇ. ನಾಚಿಕೊಂಡು ಕೂತರೆ ಪಾಟಿ ಮೂಲೆಯಲ್ಲೇ ಕೊಳೆಯುತ್ತದೆ. ಬರುವುದು ಬರಲಿ, ದೇವರಿದ್ದಾನೆ.

ಎದ್ದು ನಿಂತಳು. ಸೆರಗನ್ನು ತಲೆ ತುಂಬ ಹೊದ್ದಳು. “ಬೆಂಚು” ಎಂದಳು. ಆಮೇಲೆ ಕಣ್ಣು ಮುಚ್ಚಿ, ಒಂದೇ ಉಸಿರಿಗೆ ಹೆಸರನ್ನೂ ಹೇಳಿಬಿಟ್ಟಳು:

“ಬಾಂದ್ರಾ ಬಜಾರದಾಗ ಕೊಂಡೆ ಬಂಗಾರದ ಗುಂಡ, ಮೂರನೇ ಇಯತ್ತೆ ಕಲಿಯೂ ಪರಪ್ಪನವರು ನನ್ನ ಗಂಡ.”