ಇಬ್ಬರಿಗೊಂದು ಬಂಗುಡೆ

ಗಂಗೊಳ್ಳಿಯ ಜಲಜಾಕ್ಷಿ ಟೀಚರ ಮನೆಗೆ ಒಂದು ಬಂಗುಡೆ ಬಂದದ್ದು ಚರಿತ್ರೆಯಲ್ಲಿ ದಾಖಲಾಗಬೇಕಾದ ಘಟನೆ. ಕಡಲಲ್ಲಿ ಹಿಡಿದ ಮೀನು ಈಗ ರೇಷನ್ನಿನಲ್ಲಿ ಮನೆಗೆ ವರ್ಷಕ್ಕೊಂದೇ. ಒಬ್ಬರೇ ಉಣ್ಣುವ ಮನೆಗೆ ಅದೂ ಇಲ್ಲ. ಟೀಚರು ಎರಡು ತಟ್ಟೆ ಹಾಕಿಟ್ಟಿದ್ದರು.

ಮಂಜುಗಟ್ಟಿದ ಪೊಟ್ಟಣ ತಂದ ರೇಷನ್ ಹಂಚುವ ಸಂಜೀವ ಬಾಗಿಲಲ್ಲೇ ನಿಂತು ಒಳಗೆ ಇಣುಕಿದ.

“ಟೀಚರ್ರೇ, ಇನ್ನೊಬ್ರು ಎಲ್ಲಿ?”

“ಮೀಯ್ಲಿಕ್ಕೆ ಹೋಗಿದ್ದಾರೆ.”

“ಹೋದ ವರ್ಷವೂ ಮೀಯ್ತಾ ಇದ್ರಲ್ಲ!”

“ಅವರಿಗೆ ಶುಚಿ ಸ್ವಲ್ಪ ಜಾಸ್ತಿ ಮಾರಾಯ.”

ಸಂಜೀವ ನಕ್ಕ. “ಈ ಸಲ ಮೇಲಿನ ಆಫೀಸಿನವರು ಫೋನಲ್ಲಿ ಕೇಳಿಸಿಕೊಳ್ತಾ ಇದ್ದಾರೆ. ಎಂತಾದ್ರೂ ಒಂದು ಹೆಸರು ಹಿಡಿದು ಕರೀರಿ, ಕೊಟ್ಟು ಹೋಗ್ತೇನೆ,” ಎಂದು ಜೇಬಿನ ಫೋನನ್ನು ಅಂಗೈಯಲ್ಲಿ ಮುಚ್ಚಿ ಪಿಸುಗುಟ್ಟಿದ.

ಟೀಚರು ಬಚ್ಚಲಿನ ಕಡೆ ತಿರುಗಿ ಬಾಯಿ ತೆರೆದರು. ಮೂವತ್ತು ವರ್ಷ ಹಾಜರಿ ಕೂಗಿದವರಿಗೆ ಕರೆಯಲು ಒಂದು ಹೆಸರೂ ಬರಲಿಲ್ಲ.

ಬಂಗುಡೆ ವಾಪಸು ಹೋಯಿತು.